ಲಾಳಿ ದಾಟುವವರೆಗೆ

ನಾಲ್ಕು ವರ್ಷಗಳ ಹಿಂದೆ ನಾನೊಂದು ಹಾಸ್ಯ ಸಿನಿಮಾಕ್ಕೆ ಎಡಿಟರ್ ಆಗಿದ್ದೆ. ಆ ಕೆಲಸದಲ್ಲಿ ಆಗಲೇ ಇಪ್ಪತ್ತೆರಡು ವರ್ಷ ಸವೆಸಿದ್ದವನು. ಸಾಲದ್ದಕ್ಕೆ ಚಿತ್ರೀಕರಣ ನಡೆದದ್ದು ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ. ನಮ್ಮಪ್ಪ ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ವ್ಯಾಪಾರ ಮಾಡಿದವರು. ಆ ಸೀಮೆಯ ಮಾತು, ಮಂದಿ ಎಲ್ಲ ನನಗೆ ಗೊತ್ತೆಂಬ ಜಂಬ ಬೇರೆ. ಆ ಜಂಬಕ್ಕೆ ಬೆಲೆ ತೆತ್ತವಳು ಇನ್ನೊಬ್ಬಳು. ಇದನ್ನು ಬರೆಯುವುದಕ್ಕೆ ಇಷ್ಟು ದಿನ ನನಗೆ ಮುಖವಿರಲಿಲ್ಲ.

ಕಥೆ ಸರಳ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಹುಡುಗಿ, ತನ್ನನ್ನು ನೋಡಲು ಬರುವ ಗಂಡುಗಳನ್ನೆಲ್ಲ ಒಂದಲ್ಲ ಒಂದು ನೆಪದಲ್ಲಿ ವಾಪಸ್ ಕಳಿಸುತ್ತಾಳೆ. ಆ ಪಾತ್ರ ಮಾಡಿದ್ದು ಸುಚೇತಾ. ನಾಟಕದಿಂದ ಬಂದವಳು, ನಾಯಕಿಯಾಗಿ ಅದೇ ಮೊದಲ ಸಿನಿಮಾ. ಮಾತನ್ನು ಚಿತ್ರೀಕರಣದ ಜಾಗದಲ್ಲೇ ಮುದ್ರಿಸಿಕೊಳ್ಳುವ ಸಿಂಕ್ ಸೌಂಡ್ ಪದ್ಧತಿ. ಆಮೇಲೆ ಡಬ್ಬಿಂಗ್ ಇಲ್ಲ, ತೆರೆಯ ಮೇಲೆ ಕೇಳುವುದು ಅವಳದೇ ದನಿ.

ಬೆಂಗಳೂರಿನ ಎಡಿಟಿಂಗ್ ಕೋಣೆಗೆ ದೃಶ್ಯಗಳು ಬಂದವು. ಯಾರು ಏನೇ ಕೇಳಲಿ, ಈ ಹುಡುಗಿ ಎರಡು ಮೂರು ಸೆಕೆಂಡ್ ಸುಮ್ಮನಿದ್ದು ಆಮೇಲೆ ಉತ್ತರ ಕೊಡುತ್ತಿದ್ದಳು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮ್, ಅಂದರೆ ಇಪ್ಪತ್ನಾಲ್ಕು ಬಿಡಿ ಚಿತ್ರ. ಹಾಸ್ಯದಲ್ಲಿ ಎಂಟು ಫ್ರೇಮ್ ಹೆಚ್ಚಾದರೂ ನಗು ಸತ್ತಿತು ಎಂದು ನಂಬಿದವನು ನಾನು. ಇವಳು ಎಪ್ಪತ್ತು ಫ್ರೇಮ್ ತಿನ್ನುತ್ತಿದ್ದಳು. ಹೆಣ್ಣು ನೋಡುವ ದೃಶ್ಯದಲ್ಲಿ ಗಂಡಿನ ತಾಯಿ “ಅಡುಗೆ ಬರ್ತೈತೇನಮ್ಮ?” ಎಂದು ಕೇಳುತ್ತಾಳೆ. ಸುಚೇತಾ ನೆಲ ನೋಡುತ್ತಾ ಕೂತೇ ಇದ್ದಾಳೆ, ಕೂತೇ ಇದ್ದಾಳೆ. ಆಮೇಲೆ “ಉಣ್ಣಾಕೆ ಬರ್ತೈತೆ” ಅನ್ನುತ್ತಾಳೆ. ಥೂ, ಡೈಲಾಗ್ ಮರೆತು ನೆನಪಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡು ನಡುವಿನ ಮೌನವನ್ನೆಲ್ಲ ಕತ್ತರಿಸಿದೆ. ಇಡೀ ಸಿನಿಮಾದಲ್ಲಿ ಹೀಗೆ ಹನ್ನೊಂದು ನಿಮಿಷ ಹೋಯಿತು.

ನಿರ್ದೇಶಕನಿಗೂ ಅದು ಮೊದಲ ಸಿನಿಮಾ, ನನ್ನೆದುರು ಬಾಯಿ ಬಿಡಲಿಲ್ಲ. ಸುಚೇತಾ ಒಮ್ಮೆ ಫೋನ್ ಮಾಡಿದಳು. ಆ ಜಾಗಗಳನ್ನು ಬೇಕೆಂದೇ ಬಿಟ್ಟಿದ್ದೇನೆ, ದಯವಿಟ್ಟು ಸ್ವಲ್ಪವಾದರೂ ಉಳಿಸಿ ಎಂದಳು.

“ನೋಡಮ್ಮ, ನೀನು ಡೈಲಾಗ್ ಮರೀತೀಯ, ನಾನು ಮುಚ್ಚಿ ಹಾಕ್ತಿದೀನಿ” ಎಂದೆ. ಆ ಕಡೆಯಿಂದ ಮಾತಿಲ್ಲ. ನಾನು ಫೋನ್ ಇಟ್ಟುಬಿಟ್ಟೆ. ನಿರ್ಮಾಪಕರು ವಿಚಾರಿಸಿದಾಗಲೂ ಅದನ್ನೇ ಹೇಳಿದೆ, ಆ ಹುಡುಗಿಗೆ ಡೈಲಾಗ್ ನಿಲ್ಲುವುದಿಲ್ಲ ಎಂದು.

ಬಿಡುಗಡೆಗೆ ಮುಂಚೆ, ಚಿತ್ರೀಕರಣಕ್ಕೆ ನೆರವಾದವರನ್ನು ಕರೆಸಿ ಚಳ್ಳಕೆರೆಯ ಚಿತ್ರಮಂದಿರವೊಂದರಲ್ಲಿ ಬೆಳಗಿನ ಹೊತ್ತು ಸಿನಿಮಾ ತೋರಿಸಿದೆವು. ನಾಯಕನಹಟ್ಟಿಯಿಂದಲೂ ಬಸ್ಸು ಹತ್ತಿ ಬಂದಿದ್ದರು. ಒಬ್ಬರೂ ನಗಲಿಲ್ಲ. ಅಡುಗೆಯ ಮಾತು ಬಂದಾಗ ನಾನು ಹಿಂದಿನ ಸಾಲಿನಲ್ಲಿ ಕಿವಿ ನಿಮಿರಿಸಿ ಕೂತಿದ್ದೆ. ಯಾರೋ ಕೆಮ್ಮಿದರು, ಅಷ್ಟೇ. ಮುಗಿದ ಮೇಲೆ ನಿರ್ಮಾಪಕರು, ನಾಯಕಿ ಒರಟೊರಟಾಗಿ ಉತ್ತರ ಕೊಡುತ್ತಾಳೆ, ಸೋಮವಾರದಿಂದ ಬೇರೆಯವರ ದನಿ ಹಾಕಿಸಿಬಿಡಿ ಎಂದರು. ಸುಚೇತಾ ಅಲ್ಲೇ ನಿಂತಿದ್ದಳು. ದನಿ ಹೋದರೆ ಆ ಪಾತ್ರದಲ್ಲಿ ಅವಳದು ಅಂತ ಉಳಿಯುವುದು ಮುಖವೊಂದೇ. ಅವಳು ಹೊರಗೆ ಹೋದಳು. ನಾನೂ ಹೊರಟೆ.

ಮೆಟ್ಟಿಲ ಬಳಿ ಮೊಳಕಾಲ್ಮೂರಿನ ಈರಮ್ಮ ನನ್ನನ್ನು ತಡೆದರು. ಮಗ್ಗದ ದೃಶ್ಯಗಳನ್ನೆಲ್ಲ ಅವರ ಮನೆಯಲ್ಲೇ ತೆಗೆದದ್ದು. “ನಮ್ಮ ಹುಡುಗಿ ಹಿಂಗ್ ಮಾತಾಡಲ್ಲ ಬಿಡ್ರಿ” ಎಂದರು. “ಲಾಳಿ ದಾಟೋಕೂ ಬಿಡ್ದಂಗೆ ಮಾತಾಡ್ಸೀರಲ್ಲ.”

ನನಗೆ ತಲೆಬುಡ ತಿಳಿಯಲಿಲ್ಲ. ಮಧ್ಯಾಹ್ನ ಕಾರಿನಲ್ಲಿ ಅವರೊಂದಿಗೇ ಅವರ ಮನೆಗೆ ಹೋದೆ. ಈರಮ್ಮ ಗುಂಡಿಮಗ್ಗಕ್ಕೆ ಕಾಲಿಳಿಸಿ ಕೂತರು. ಪಕ್ಕದಲ್ಲಿ ಅಂಚಿನ ಲಾಳಿ ಹಿಡಿದು ಸೊಸೆ. ಅಡ್ಡನೂಲನ್ನು ಈ ಬದಿಯಿಂದ ಆ ಬದಿಗೆ ಒಯ್ಯುವುದೇ ಲಾಳಿ. ನೇಯ್ಗೆ ಕಲಿಯಲು ಸುಚೇತಾ ಇಲ್ಲಿ ಎಷ್ಟು ದಿನ ಇದ್ದಳು ಎಂದು ಕೇಳಿದೆ. ಉತ್ತರವಿಲ್ಲ. ಲಾಳಿ ಹೋಯಿತು, ನೂಲನ್ನು ಒತ್ತಿ ಕೂರಿಸುವ ಹಲಗೆ ಬಡಿಯಿತು. ನನಗೆ ಎಡಿಟಿಂಗ್ ಕೋಣೆಯಲ್ಲಿ ಬರುತ್ತಿದ್ದ ಸಿಟ್ಟೇ ಬಂತು. ಕೇಳಿಸಿತಾ ಅಮ್ಮ ಎಂದು ಮತ್ತೆ ಕೇಳಿದೆ. ಸೊಸೆ ಮುಸಿಮುಸಿ ನಗುತ್ತಿದ್ದಳು. ಲಾಳಿ ದಾಟಿತು, ಹಲಗೆ ಬಡಿಯಿತು.

“ಕೇಳಿಸ್ತು. ನಲವತ್ ದಿನ ಇದ್ಲು” ಎಂದರು ಈರಮ್ಮ. “ಮೊದ್ಲು ಅವಳೂ ನಿಮ್ಮಂಗೇ ಅವಸರ ಮಾಡ್ತಿದ್ಲು. ಎರಡು ಸೀರೆ ಅಂಚು ಕೆಡಿಸಿದ ಮೇಲೆ ಸುಮ್ಕಾದ್ಲು.”

ನಗು ತಡೆಯಲಾಗಲಿಲ್ಲ. ನಗುತ್ತಿದ್ದ ಹಾಗೆಯೇ ನಾನು ಕತ್ತರಿಸಿದ್ದು ಏನನ್ನು ಎಂದು ಹೊಳೆಯಿತು. ಕೈಯಲ್ಲಿ ಲಾಳಿ ಇರುವಾಗ ಕಣ್ಣು ಎಳೆಯ ಮೇಲೆ, ಹಲಗೆಯ ಸದ್ದಿನಲ್ಲಿ ಮಾತು ಕೇಳುವುದೂ ಇಲ್ಲ. ಆ ಮನೆಯವರು ಹಲಗೆ ಬಡಿದ ಮೇಲೇ ಬಾಯಿ ತೆರೆಯುತ್ತಾರೆ. ಅದೇ ರೂಢಿ ಬೀದಿಗೂ ಬರುತ್ತದೆ, ಹೆಣ್ಣು ನೋಡುವ ಜಮಖಾನಕ್ಕೂ ಬರುತ್ತದೆ. ಸುಚೇತಾ ಅದನ್ನು ಮೈಗೂಡಿಸಿಕೊಂಡಿದ್ದಳು. ಮಾತು ಶುದ್ಧವಾಗಿ ಬರಲೆಂದು ಚಿತ್ರೀಕರಣದ ವೇಳೆ ಸುತ್ತಲಿನ ಮಗ್ಗಗಳನ್ನೆಲ್ಲ ನಿಲ್ಲಿಸಿದ್ದರು, ಸದ್ದನ್ನು ಕೊನೆಯಲ್ಲಿ ಸೇರಿಸುವವರಿದ್ದರು. ಹಾಗಾಗಿ ನನ್ನ ಕೋಣೆಗೆ ಬಂದದ್ದು ಬರೀ ಮೌನ. ಯಾಕೆ ಎಂದು ಕೇಳುವ ಸೌಜನ್ಯ ನನಗಿರಲಿಲ್ಲ.

ನಿರ್ಮಾಪಕರ ಮುಂದೆ ತಪ್ಪು ನನ್ನದೆಂದು ಒಪ್ಪಿಕೊಂಡು ಎಂಟು ದಿನದ ಸಮಯ ಕೇಳಿದೆ. ಕತ್ತರಿಸಿದ್ದನ್ನೆಲ್ಲ ಮತ್ತೆ ಕೂಡಿಸಿದೆ, ಮೊದಲ ದೃಶ್ಯಗಳಿಗೆ ಮಗ್ಗದ ಸದ್ದು ಹಾಕಿಸಿದೆ. ದನಿ ಅವಳದೇ ಉಳಿಯಿತು. ಬಿಡುಗಡೆಯಾದಾಗ ಚಳ್ಳಕೆರೆಯ ಜನ, ಅವಳು ಬಾಯಿ ತೆರೆಯುವ ಮುಂಚೆಯೇ ನಗುತ್ತಿದ್ದರು.

ಇಷ್ಟಕ್ಕೆ ನಿಂತಿದ್ದರೆ ನನಗೆ ಸಮಾಧಾನವಾಗಿ ನಿದ್ದೆ ಬರುತ್ತಿತ್ತು. ಆದರೆ ಡೈಲಾಗ್ ನಿಲ್ಲುವುದಿಲ್ಲ ಎಂದ ನನ್ನ ಮಾತು ಅಷ್ಟರಲ್ಲಿ ಗಾಂಧಿನಗರ ಸುತ್ತಿಯಾಗಿತ್ತು. ಅವಳಿಗೆ ನಿಗದಿಯಾಗಿದ್ದ ಮುಂದಿನ ಸಿನಿಮಾದವರು ನಮ್ಮದು ಬಿಡುಗಡೆಯಾಗುವ ಮೊದಲೇ ಬೇರೆಯವರನ್ನು ಹಾಕಿಕೊಂಡಿದ್ದರು. ಅವರ ಬಳಿ ಹೋಗಿ ನಿಜ ಹೇಳಿದೆ. ಪಾಪ ಸಾರ್, ಆದರೆ ಶೂಟಿಂಗ್ ಶುರುವಾಗಿದೆಯಲ್ಲ ಅಂದರು.

ಕೊನೆಗೆ ಸುಚೇತಾಗೆ ಫೋನ್ ಮಾಡಿ, ಆ ಮಾತು ಹಬ್ಬಿಸಿದವನು ನಾನೇ, ಕ್ಷಮಿಸಮ್ಮ ಎಂದೆ. ಆ ಕಡೆ ಮೌನ. ಈ ಸಲ ನಾನು ಮಾತು ತುಂಬಲಿಲ್ಲ, ಫೋನನ್ನೂ ಇಡಲಿಲ್ಲ.

“ಅವತ್ತು ಇಷ್ಟು ಹೊತ್ತು ಕಾದಿದ್ರೆ ಸಾಕಿತ್ತು ಸಾರ್” ಎಂದಳು.

ಅಲ್ಲಿಂದೀಚೆಗೆ ನಟರು ಎಲ್ಲಿ ಸುಮ್ಮನಾದರೂ, ಕತ್ತರಿಸುವ ಮುಂಚೆ ಅವರನ್ನೇ ಕೇಳುತ್ತೇನೆ. ಕೇಳಿ, ಉತ್ತರ ಬರುವವರೆಗೂ ಕಾಯುತ್ತೇನೆ.