ಹಬ್ಬದ ದಿನದ ರೋಜಾ

ನನ್ನ ಅತ್ತೆ ಮೈಮುನಾಬಿಗೆ ಬ್ಯಾಡಗಿಯ ನಮ್ಮ ಓಣಿಯಲ್ಲಿ ಎದುರು ಮಾತಾಡುವವರಿಲ್ಲ. ಮೂವತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿ ಒಬ್ಬನೇ ಮಗನನ್ನು, ಅಂದರೆ ನಮ್ಮ ಮನೆಯವರನ್ನು, ಸಾಕಿ ಬೆಳೆಸಿದವರು. ಆ ಘಾಟಿನಲ್ಲಿ ಕೆಮ್ಮುತ್ತ ಕೂತರೂ ರಂಜಾನ್ ತಿಂಗಳಲ್ಲಿ ಒಂದು ದಿನವೂ ರೋಜಾದ ಉಪವಾಸ ಬಿಟ್ಟವರಲ್ಲ. ಓಣಿಯ ಹುಡುಗಿಯರಿಗೆ ರೋಜಾದ ಕಟ್ಟಳೆ ಕಲಿಸಿದವರೂ ಅವರೇ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮಾಜಿಗೆ ಕೈಕಾಲು ತೊಳೆದದ್ದು ಸರಿಯಿಲ್ಲವೆಂದು ನಾಲ್ಕು ಜನರೆದುರು ಮತ್ತೆ ತೊಳೆಸಿದ್ದರು. ಆ ಸಿಟ್ಟು ನನಗಿನ್ನೂ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ!

ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ರೋಜಾ ಬೇಡವೆಂದರು. ಗುಳಿಗೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಜೀವಕ್ಕೇ ಕುತ್ತು ಎಂದು ಬಿಡಿಸಿ ಹೇಳಿದರು. ನಮ್ಮತ್ತೆ ಕೇಳುವ ಪೈಕಿಯೇ? ನಸುಕಿನಲ್ಲಿ ಸಹರಿ ಉಂಡು, ಗುಳಿಗೆ ನುಂಗಿ, ಈ ವರ್ಷವೂ ರೋಜಾ ಹಿಡಿದರು.

ಮೊದಲ ವಾರ ಒಂದು ಮಧ್ಯಾಹ್ನ ನೋಡಿದರೆ ಅಡುಗೆಮನೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಾರೆ! ನನ್ನ ಮಗಳು ಸಾನಿಯಾ ಕಿಸಕ್ಕನೆ ನಕ್ಕಳು. ಮರೆತು ತಿಂದರೆ ರೋಜಾ ಮುರಿಯುವುದಿಲ್ಲ, ಅಲ್ಲಾನೇ ಉಣಿಸಿದ ಲೆಕ್ಕ. ಅತ್ತೆಯೂ ನಕ್ಕರು. ಮರುವಾರ ಹಾಗೆ ಮೂರು ಸಲವಾಯಿತು. ಆಗ ಯಾರೂ ನಗಲಿಲ್ಲ. ನಮಾಜಿನಲ್ಲಿ ಎಷ್ಟು ಸಲ ಬಾಗಿದೆನೆಂದು ಸಾನಿಯಾಳನ್ನು ಕೇಳತೊಡಗಿದರು. ನಮ್ಮವರಿಗೆ ಹೇಳಿದರೆ ವಯಸ್ಸಾಯಿತು ಬಿಡು ಎಂದರು. ಹಬ್ಬವಾದ ಮೇಲೆ ಹಾವೇರಿಗೆ ಕರೆದೊಯ್ದು ತೋರಿಸಿದರಾಯಿತು ಎಂದು ನಾನೂ ಸುಮ್ಮನಾದೆ. ಡಾಕ್ಟರು ಏನು ಹೇಳುತ್ತಾರೋ ಎಂಬ ಹೆದರಿಕೆ ನನಗೆ.

ಹಬ್ಬದ ಬೆಳಿಗ್ಗೆ ಹಾಲು-ಶ್ಯಾವಿಗೆಯ ಸುರಕುಂಬಾ ಮಾಡಿದವಳು ನಾನು. ಅತ್ತೆ ಒಲೆಯ ಹತ್ತಿರ ಸುಳಿಯಲಿಲ್ಲ, ಶ್ಯಾವಿಗೆ ಹುರಿದದ್ದು ಕೆಂಪಾಯಿತೆಂದು ಬಯ್ಯಲೂ ಇಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ನಮ್ಮವರು ಎರಡು ಚಮಚ ಬಾಯಿಗೆ ಹಾಕಿಕೊಂಡು ಈದ್ಗಾಕ್ಕೆ ಹೋದರು. ನಾನು ಅತ್ತೆಯ ಮುಂದೆ ಬಟ್ಟಲು ಹಿಡಿದೆ.

“ರೋಜಾ ಐತಿ ನನಗ,” ಎಂದರು. “ಹಗಲಾಗ ತಿನ್ನು ಅಂತೀಯಲ್ಲ, ನಾಚಿಕಿ ಬರೂದಿಲ್ಲೇನು?”

ಹಬ್ಬದ ದಿನ ರೋಜಾ ಹಿಡಿಯುವುದು ಪಾಪವೆಂದು ನನಗೆ ಕಲಿಸಿದ ಬಾಯಿ ಅದು! ನಿನ್ನೆಯೇ ಚಂದ್ರ ಕಂಡಿದ್ದಾನೆ, ರೋಜಾ ಮುಗಿದವು ಎಂದೆ. ಹೊಸ ಸೀರೆ ತೋರಿಸಿದೆ. ಮೈಕಿನಲ್ಲಿ ಬರುತ್ತಿದ್ದ ಹಬ್ಬದ ತಕಬೀರಿನ ಘೋಷ ಕೇಳಿಸಿದೆ. ಅದು ಶುಕ್ರವಾರದ್ದು ಎಂದು ಮುಖ ತಿರುಗಿಸಿದರು. ಆಗ ನೋಡಿದೆ, ಹಣೆಯ ಮೇಲೆ ಬೆವರು, ಬೆರಳು ಥರಥರ ನಡುಗುತ್ತಿವೆ. ಹಾಸಿಗೆಯಲ್ಲಿ ಗುಳಿಗೆ ಬಿಡಿಸಿದ ಖಾಲಿ ಪೊಟ್ಟಣ. ನಸುಕಿನಲ್ಲಿ ರೂಢಿಯಂತೆ ಎದ್ದು ಗುಳಿಗೆ ನುಂಗಿದ್ದಾರೆ, ಸಹರಿ ಮಾತ್ರ ಇವತ್ತು ಯಾರೂ ಮಾಡಿರಲಿಲ್ಲ. ಡಾಕ್ಟರು ಹೇಳಿದ್ದ ಕುತ್ತು ಇದೇ, ಮೈಯ ಸಕ್ಕರೆ ಇಳಿದಿದೆ.

ಬಾಯಿಗೆ ಸಕ್ಕರೆ ಹಾಕಹೋದರೆ ಹಲ್ಲು ಕಚ್ಚಿಕೊಂಡರು. ಈದ್ಗಾದಲ್ಲಿದ್ದ ನಮ್ಮವರು ಫೋನ್ ಎತ್ತಲಿಲ್ಲ. ಆಮೇಲೆ ಎದ್ದು ಕಿಟಕಿ ಬಾಗಿಲು ಮುಚ್ಚಿದೆ, ಪರದೆ ಎಳೆದೆ, ದೀಪ ಹಾಕಿದೆ. ಚಾಪೆಯ ಮೇಲೆ ಖಜೂರ, ನೀರು ಇಟ್ಟು, ಫೋನಿನಲ್ಲಿ ರೋಜಾ ಬಿಡುವ ಸಂಜೆಯ ಅಜಾನ್ ಹಚ್ಚಲು ಸಾನಿಯಾಳಿಗೆ ಹೇಳಿದೆ. ಅದು ಪಾಪ ಅಲ್ಲವೇ ಎಂದಳು. ಪಾಪ ನನಗಿರಲಿ ಎಂದು ಗದರಿದೆ.

ಬೆಳಗಿನ ಒಂಬತ್ತೂವರೆಗೆ ನಮ್ಮ ಮನೆಯಲ್ಲಿ ಹೊತ್ತು ಮುಳುಗಿತು. ಅತ್ತೆ ಬಿಸ್ಮಿಲ್ಲಾ ಹೇಳಿ ಖಜೂರ ತಿಂದರು, ನೀರು ಕುಡಿದರು, ಬಟ್ಟಲು ಖಾಲಿ ಮಾಡಿದರು. ನಡುಕ ನಿಧಾನ ಇಳಿಯಿತು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಅಷ್ಟರಲ್ಲಿ ಈದ್ಗಾದಿಂದ ಜನ ತಿರುಗಿ ಬಂದರು. ಈದ್ ಮುಬಾರಕ್ ಎನ್ನುತ್ತ ಮಕ್ಕಳು ಬಾಗಿಲು ಬಡಿದರು. ನಾನು ಚಿಲಕ ಹಿಡಿದು ನಿಂತೆ, ತೆಗೆಯಲಿಲ್ಲ.

“ಜಾಹೀದಾ, ಚಂದ್ರ ಕಂಡನೇನು?” ಎಂದರು ಅತ್ತೆ.

“ಇನ್ನೂ ಇಲ್ರಿ ಅಮ್ಮಾ.” ಬೇರೆ ಏನು ಹೇಳಲಿ?

“ಹಂಗಾರ ನಾಳೆನೂ ರೋಜಾ,” ಎಂದವರೇ, ಎರಡೂ ಕೈ ಎತ್ತಿ ನಾಳಿನ ರೋಜಾದ ಸಂಕಲ್ಪ ಹೇಳತೊಡಗಿದರು. ಒಂದಕ್ಷರವೂ ತಪ್ಪಲಿಲ್ಲ.