ಡಿಚ್ಚಿ ಕೆಂಚಪ್ಪ

ಮೂಡಲಪಾಳ್ಯದ ಹೊಲಗಳು ಇನ್ನೂ ಸೈಟುಗಳಾಗದ ಕಾಲದಲ್ಲಿ ಅಲ್ಲಿ ಕಬಡ್ಡಿ ಎಂದರೆ ಕೆಂಚಪ್ಪ. ಎದುರಾಳಿ ಗೆರೆ ದಾಟಿ ಬಂದರೆ ಸಾಕು, ಕೈಯಲ್ಲಿ ಹಿಡಿಯುವುದಕ್ಕೂ ಮುಂಚೆ ತಲೆಯಲ್ಲೇ ಗುದ್ದಿ ಬೀಳಿಸುತ್ತಿದ್ದ. ಜನ ಡಿಚ್ಚಿ ಕೆಂಚಪ್ಪ ಎಂದರು. ಅವನಿಗೂ ಅದು ಬಿರುದಿನಂತೆ ಹಿತವಾಗಿತ್ತು. ಒಂದು ಸಲ ತಲೆಗೆ ತಲೆ ತಾಗಿದರೆ ಕೊಂಬು ಬರುತ್ತದೆ, ಇನ್ನೊಂದು ಡಿಚ್ಚಿ ಕೊಟ್ಟರೆ ದೋಷ ಹೋಗುತ್ತದೆ ಎಂಬುದನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು. ಅವನು ಮೈದಾನದಲ್ಲೂ ಆ ಶಾಸ್ತ್ರ ತಪ್ಪಿಸಿದವನಲ್ಲ. ಕಣ್ಣಿಗೆ ಕತ್ತಲೆ ಕವಿದರೆ ಒಂದು ಚೊಂಬು ನೀರು ಸುರಿದುಕೊಂಡು ಮತ್ತೆ ಇಳಿಯುತ್ತಿದ್ದ. ಅದನ್ನೇ ಗಂಡಸುತನವೆಂದು ಚಪ್ಪಾಳೆ ತಟ್ಟಿದವರಿಗೂ ಬುದ್ಧಿ ಇರಲಿಲ್ಲ, ಬಿಡಿ.

ಈಗ ಅರವತ್ತರ ಹತ್ತಿರ. ಹಾಲು ತರಲು ಹೋದವನು ದಾರಿ ತಿಳಿಯದೆ ಬಸ್ ಸ್ಟಾಪಿನಲ್ಲಿ ಕೂತುಬಿಡುತ್ತಾನೆ. ಉಪ್ಪು ಕಡಿಮೆಯೆಂದು ತಟ್ಟೆ ಎಸೆದು, ಆಮೇಲೆ ಹೆಂಡತಿ ಅಕ್ಕಯ್ಯಮ್ಮನ ಎದುರು ತಲೆ ತಗ್ಗಿಸುತ್ತಾನೆ. ಹಳೆಯ ಪೆಟ್ಟುಗಳೇ ಕಾರಣವಿರಬಹುದು, ಒಂದು ಮಾಯುವ ಮೊದಲೇ ಇನ್ನೊಂದು ಬಿದ್ದಿದೆ ಎಂದರು ಡಾಕ್ಟರು. ಕೊಂಬು ಬರಲಿಲ್ಲ ನಿಜ, ಒಳಗಿದ್ದದ್ದೇ ಹೋಯಿತು ಎಂದು ಅಕ್ಕಯ್ಯಮ್ಮ ಅತ್ತಳು. ಕೆಂಚಪ್ಪ ಆ ಮಾತನ್ನು ಮಾತ್ರ ಮರೆಯಲಿಲ್ಲ.

ಅವನಿಗೆ ಉಳಿದಿದ್ದ ಸಂತೋಷವೆಂದರೆ ಮೊಮ್ಮಗಳು ಕೀರ್ತನಾ. ಅವಳಿಗೆ ಕಬಡ್ಡಿ ಕಲಿಸಿದವನೂ ಅವನೇ. ಅವಳ ತಂಡ ಉಲ್ಲಾಳದಲ್ಲಿ ಫೈನಲ್ ಆಡುವುದಿತ್ತು. ಮ್ಯಾಚ್ ಯಾವತ್ತು ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ.

ಫೈನಲ್ಲಿನ ಹಿಂದಿನ ಸಂಜೆ ಹುಡುಗಿ ಪ್ರಾಕ್ಟೀಸಿನಿಂದ ಬಂದಳು. ಗೆಳತಿಯ ತಲೆ ಬಡಿದು ಹಣೆ ಊದಿಕೊಂಡಿತ್ತು. ಸ್ವಲ್ಪ ತಲೆ ಸುತ್ತುತ್ತಿದೆ, ನಾಳೆಗೆ ಸರಿಹೋಗುತ್ತದೆ ಎಂದಳು. ಚಿಕ್ಕಂದಿನ ಅಭ್ಯಾಸದಂತೆ ತಾತನ ಮುಂದೆ ಮಂಡಿಯೂರಿ ಹಣೆ ಚಾಚಿದಳು.

"ಇನ್ನೊಂದು ಡಿಚ್ಚಿ ಕೊಡು ತಾತ, ಇಲ್ದಿದ್ರೆ ಕೊಂಬು ಬರುತ್ತೆ."

ಕೆಂಚಪ್ಪನ ತಲೆ ತಾನಾಗಿಯೇ ಮುಂದೆ ಹೋಯಿತು. ಅರ್ಧಕ್ಕೆ ನಿಂತಿತು. ಅವಳ ಹಣೆಯ ಮೇಲೆ ಅಂಗೈ ಇಟ್ಟ.

"ಕೊಂಬು ಬಂದ್ರೆ ಬರ್ಲಿ ಕಣವ್ವ. ನಾಳೆ ನೀನು ಆಡ್ಬೇಡ."

ಅವಳು ಅತ್ತಳು, ಊಟ ಬಿಟ್ಟಳು. ಅವನು ಜಗ್ಗಲಿಲ್ಲ. ಅಕ್ಕಯ್ಯಮ್ಮ ಅವಳನ್ನು ಆಗಲೇ ಡಾಕ್ಟರ ಹತ್ತಿರ ಕರೆದೊಯ್ದಳು. ಅವರೂ ಕೆಲವು ವಾರ ಆಟ ಬೇಡವೆಂದರು. ಮರುದಿನ ತಂಡ ಅವಳಿಲ್ಲದೆ ಆಡಿ ಸೋತಿತು.

ಆ ಸಂಜೆ ಕೆಂಚಪ್ಪ ಮೆಟ್ಟಿಲ ಮೇಲೆ ಕೂತು ಮತ್ತೆ ಕೇಳಿದ, ಮ್ಯಾಚ್ ಯಾವತ್ತವ್ವ ಎಂದು. ಕೀರ್ತನಾ ಅವನ ಮುಖವನ್ನೇ ನೋಡಿದಳು. ಹಿಂದಿನ ಸಂಜೆಯಿಂದ ಹಿಡಿದಿದ್ದ ಸಿಟ್ಟು ಅಲ್ಲಿಗೇ ಇಳಿಯಿತು. ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡಳು.

"ಮುಂದಿನ ವರ್ಷ ತಾತ. ನಾನು ಮರೆಯಲ್ಲ."