ಸಾಣೆಯಣ್ಣನ ಕುಳಿ, ಅತ್ತಿಗೆಯ ಐಸು

ಸಾಣೆಯಣ್ಣ ಹೋಗಿ ಏಳು ವಾರವಾಯಿತು. ಅವನ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ನಮ್ಮ ಐಸ್ ಹಾಕಿ ಕ್ಲಬ್ಬಿನವರು ಕೇಳಿದಾಗ ದೊಡ್ಡ ಮಾತುಗಳಿಂದ ಶುರು ಮಾಡಿ ಮೂರು ಹಾಳೆ ಹರಿದು ಹಾಕಿದೆ. ಅವನಿಗೆ ದೊಡ್ಡ ಮಾತು ಒಗ್ಗುತ್ತಿರಲಿಲ್ಲ. ಯಾರಾದರೂ ಹೊಗಳಿದರೆ, "ಎಣ್ಣೆ ಜಾಸ್ತಿಯಾಯ್ತು, ಒರೆಸ್ಕೊಳ್ಳಿ" ಎಂದು ಕೈಗೆ ಬಟ್ಟೆ ಕೊಡುತ್ತಿದ್ದ. ಆದ್ದರಿಂದ ನಾನು ಕಣ್ಣಾರೆ ಕಂಡ ಒಂದು ಶನಿವಾರದ ಕತೆಯನ್ನಷ್ಟೇ ಬರೆಯುತ್ತೇನೆ.

ಐಸ್ ಅಂಗಳದ ಮೆಟ್ಟಿಲ ಕೆಳಗೆ ಒಂದು ಕೋಣೆಯಿದೆ. ತಲೆ ಬಗ್ಗಿಸದೆ ಒಳಗೆ ಹೋಗುವಂತಿಲ್ಲ. ನಲವತ್ತೊಂದು ವರ್ಷ ಅಲ್ಲಿ ಕೂತು ಅವನು ಸ್ಕೇಟುಗಳಿಗೆ ಸಾಣೆ ಹಿಡಿದ. ಆಟ ಆಡದವರಿಗೆ ಒಂದು ಮಾತು ಹೇಳಬೇಕು: ಸ್ಕೇಟಿನ ಅಲಗು ಚಾಕುವಿನ ಹಾಗಲ್ಲ. ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಕುಳಿ ಕೊರೆದಿರುತ್ತದೆ. ಆ ಕುಳಿಯ ಎರಡು ದಡಗಳೇ ಐಸನ್ನು ಕಚ್ಚುವ ಅಂಚುಗಳು. ಕುಳಿ ಆಳವಾದರೆ ಅಲಗು ಚೆನ್ನಾಗಿ ಕಚ್ಚುತ್ತದೆ, ಆದರೆ ಓಟ ನಿಧಾನ. ಕುಳಿ ತೆಳುವಾದರೆ ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋಗಬಹುದು, ಆದರೆ ನಿಲ್ಲುವುದು ದೇವರಿಗೆ ಬಿಟ್ಟಿದ್ದು. ಯಾರಿಗೆ ಎಷ್ಟು ಆಳ ಎಂದು ಆರಿಸುವುದರಲ್ಲಿಯೇ ಇಡೀ ವಿದ್ಯೆ ಇದೆ.

ಅವನು ಆರಿಸುತ್ತಿದ್ದ ರೀತಿ ನೋಡುವಂಥದ್ದು. ಹೊಸಬ ಬಂದರೆ ಮೊದಲು ಸ್ಟೂಲಿನ ಮೇಲೆ ಕೂರಿಸಿ, ಹಾಕಿಕೊಂಡು ಬಂದ ಬೂಟನ್ನು ತಿರುಗಿಸಿ ಹಿಮ್ಮಡಿ ಯಾವ ಕಡೆ ಸವೆದಿದೆ ಎಂದು ನೋಡುತ್ತಿದ್ದ. ಆಮೇಲೆ ತೂಕ ಕೇಳುತ್ತಿದ್ದ. ತೂಕದ ವಿಷಯದಲ್ಲಿ ನಿಜ ಹೇಳಿದ ಮನುಷ್ಯನನ್ನು ನಾನು ಆ ಕೋಣೆಯಲ್ಲಿ ಕಾಣಲಿಲ್ಲ, ನನ್ನನ್ನೂ ಸೇರಿಸಿ.

"ಎಂಬತ್ತೈದು" ಎಂದಿದ್ದೆ ನಾನು, ಮೊದಲ ಸಲ.

"ಮೇಷ್ಟ್ರೇ, ನೀವು ಹೇಳಿದ್ದು ಎಂಬತ್ತೈದು. ಸ್ಟೂಲು ಹೇಳಿದ್ದು ತೊಂಬತ್ತೆಂಟು. ನಾನು ಸ್ಟೂಲಿನ ಮಾತು ನಂಬ್ತೀನಿ, ಅದಕ್ಕೆ ಮರ್ಯಾದೆ ಪ್ರಶ್ನೆ ಇಲ್ಲ."

ಭಾರದ ಮನುಷ್ಯನಿಗೆ ತೆಳು ಕುಳಿ, ಏಕೆಂದರೆ ಅವನ ತೂಕವೇ ಅಲಗನ್ನು ಒತ್ತುತ್ತದೆ. ಹಗುರ ಮನುಷ್ಯನಿಗೆ ಆಳದ ಕುಳಿ. ನನ್ನಂಥ ಗೋಲಿ, ಅಂದರೆ ಗೋಲು ಕಾಯುವವನು, ಅತ್ತಿತ್ತ ಸರಿಯುತ್ತಿರಬೇಕು, ಅವನಿಗೆ ಇನ್ನೂ ತೆಳು. ಇದೆಲ್ಲ ಆದ ಮೇಲೆ ಚಕ್ರ ತಿರುಗುತ್ತಿತ್ತು, ಕಿಡಿ ಹಾರುತ್ತಿತ್ತು. ಎರಡು ಅಂಚೂ ಸಮನಾಗಿವೆಯೇ ಎಂದು ಒಂದು ಉಕ್ಕಿನ ಪಟ್ಟಿಯನ್ನು ಅಡ್ಡ ಇಟ್ಟು ನೋಡುತ್ತಿದ್ದ. ಕೊನೆಗೆ ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಎಳೆದರೆ ಹಿಟ್ಟಿನಂಥ ಬಿಳಿ ಪುಡಿ ಬರಬೇಕು. ಆ ಉಗುರು ಸದಾ ಅರ್ಧವೇ ಇರುತ್ತಿತ್ತು.

ಇಷ್ಟಾದರೂ ಆ ಶನಿವಾರದ ತನಕ ಅವನು ಒಮ್ಮೆಯೂ ಐಸ್ ಮೇಲೆ ಕಾಲಿಟ್ಟವನಲ್ಲ. ಅವನಿಗೆ ಹೆದರಿಕೆ. ನೀರಿಗಿಳಿಯದ ಅಂಬಿಗ ಎಂದು ನಾವು ರೇಗಿಸಿದರೆ, "ಹೆರಿಗೆ ಡಾಕ್ಟರೆಲ್ಲ ಹೆತ್ತೇ ಕಲಿತ್ರಾ?" ಎನ್ನುತ್ತಿದ್ದ.

ಹಾಗಾದರೆ ಐಸಿನ ಗುಣ ಅವನಿಗೆ ಹೇಗೆ ಗೊತ್ತಾಗುತ್ತಿತ್ತು? ಅದು ಹೆಂಡತಿಯಿಂದ. ಅವಳನ್ನು ನಾವೆಲ್ಲ ಅತ್ತಿಗೆ ಎನ್ನುತ್ತೇವೆ. ಐಸ್ ಅಂಗಳದ ಯಂತ್ರದ ಕೋಣೆ ಅವಳ ಕೈಯಲ್ಲಿ. ನೆಲವನ್ನು ತಣ್ಣಗಿಡುವುದು, ದೊಡ್ಡ ಗಾಡಿ ಓಡಿಸಿ ಗೀರು ಬಿದ್ದ ಐಸನ್ನು ಕೆರೆದು ಬಿಸಿನೀರು ಹರಡಿ ಕನ್ನಡಿಯಂತೆ ಮಾಡುವುದು ಅವಳ ಕೆಲಸ. ಐಸ್ ಗಟ್ಟಿಯಾದಷ್ಟೂ ಕುಳಿ ಆಳವಾಗಬೇಕು, ಮೆತ್ತಗಾದರೆ ತೆಳುವಾಗಬೇಕು. ಹುಡುಗಿಯರ ನೃತ್ಯದ ತರಗತಿಯಿದ್ದರೆ ಅವಳು ಐಸನ್ನು ಮೆತ್ತಗಿಡುತ್ತಿದ್ದಳು, ಹಾಕಿಯಿದ್ದರೆ ಗಟ್ಟಿ. ಬೆಳಗಿನ ತಿಂಡಿಯ ಮೇಜಿನಲ್ಲಿ "ಇವತ್ತು ಐದು" ಎನ್ನುವಳು, ಸೊನ್ನೆಗಿಂತ ಐದು ಡಿಗ್ರಿ ಕೆಳಗೆ ಎಂದು. ಅವನು "ಹೂಂ" ಎನ್ನುವನು. ಇಪ್ಪತ್ತಾರು ವರ್ಷದ ಸಂಸಾರ ಹೆಚ್ಚು ಕಡಿಮೆ ಇಷ್ಟು ಮಾತಿನಲ್ಲಿ ನಡೆದಿತ್ತು, ಚೆನ್ನಾಗಿಯೇ ನಡೆದಿತ್ತು.

ಒಂದು ದಿನ ಅತ್ತಿಗೆಯ ಅಕ್ಕ ಊಟಕ್ಕೆ ಬಂದಿದ್ದಳು. "ನಿನ್ನ ಕೆಲಸ ಹೇಗಿದೆಯೇ?" ಎಂದು ತಂಗಿಯನ್ನು ಕೇಳಿದಳು. ಕೇಳಿದ್ದು ತಂಗಿಯನ್ನು, ಉತ್ತರ ಕೊಟ್ಟದ್ದು ಇವನು.

"ಅವಳ ಕೆಲಸಕ್ಕೇನು ಅಕ್ಕಾ? ನೀರು ತಾನಾಗೇ ಗಟ್ಟಿಯಾಗುತ್ತೆ."

ಆ ಹೊತ್ತಿಗೆ ಅದು ಅವನಿಗೆ ತಮಾಷೆಯಾಗಿ ಕಂಡಿತ್ತಂತೆ. ಮರುದಿನ ಬೆಳಿಗ್ಗೆ ಮೇಜಿನ ಮೇಲೆ ತಿಂಡಿ ಇತ್ತು, ಐದೂ ಇರಲಿಲ್ಲ ಆರೂ ಇರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಒಂಬತ್ತು ದಿನ ಉಂಡರು, ಒಂಬತ್ತು ದಿನ ಮಲಗಿದರು. ಅವಳು ಬಾಯಿ ಬಿಡಲಿಲ್ಲ. ಅವನು ಕೇಳಲಿಲ್ಲ.

ಕೇಳುವುದರ ಬದಲು ಊಹಿಸಿದ. ಮಂಗಳವಾರ ಕುಳಿ ತೆಳುವಾಯಿತು, ಎಲ್ಲರೂ ಜಾರಿದರು. ಬುಧವಾರ ಆಳ ಮಾಡಿದ. ಅಂದು ಐಸ್ ಮೆತ್ತಗಿತ್ತು, ಎಲ್ಲರೂ ಕೆಸರಲ್ಲಿ ಕಾಲಿಟ್ಟವರಂತೆ ಅಂಟಿಕೊಂಡರು. ಶುಕ್ರವಾರ ನಮ್ಮ ತಂಡದ ನಾಯಕರು, ಅಂದರೆ ಹಲ್ಲಿನ ಡಾಕ್ಟರು, ನಿಲ್ಲಲಾರದೆ ಗೋಡೆಗೆ ಗುದ್ದಿ ಸ್ವಂತ ಹಲ್ಲನ್ನೇ ಅಲುಗಾಡಿಸಿಕೊಂಡರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವ ಗಾದೆಯಿದೆ. ಇಲ್ಲಿ ಬಡವಾದದ್ದು ಹಾಕಿ ತಂಡ.

ಮ್ಯಾನೇಜರಿಗೆ ಇಷ್ಟೇ ಬೇಕಾಗಿತ್ತು. ಅವರು ಅಂದೇ ಒಂದು ಪೆಟ್ಟಿಗೆ ತರಿಸಿದರು. ಸ್ಕೇಟನ್ನು ಒಳಗಿಟ್ಟು ಗುಂಡಿ ಒತ್ತಿದರೆ ಮೂರು ನಿಮಿಷಕ್ಕೆ ಸಾಣೆ ಮುಗಿಯುತ್ತದೆ, ಮನುಷ್ಯರು ಬೇಡ.

"ನಾಳೆ ಶನಿವಾರ, ಪಂದ್ಯ ಇಡೋಣ" ಎಂದರು ಮ್ಯಾನೇಜರು. "ಅರ್ಧ ತಂಡ ಪೆಟ್ಟಿಗೆಯ ಸಾಣೆ, ಅರ್ಧ ತಂಡ ನಿಮ್ಮ ಸಾಣೆ. ಪೆಟ್ಟಿಗೆ ಗೆದ್ರೆ ಈ ಕೋಣೆ ಖಾಲಿ ಮಾಡ್ಬೇಕಾಗುತ್ತೆ. ತಪ್ಪು ತಿಳ್ಕೋಬೇಡಿ."

"ಕೋಣೇಲಿ ಏನಿಡ್ತೀರಿ?" ಎಂದ ಸಾಣೆಯಣ್ಣ.

"ತಂಪು ಪಾನೀಯದ ಯಂತ್ರ."

"ಐಸ್ ಮೇಲೆ ನಡುಗೋ ಜನಕ್ಕೆ ತಂಪು ಪಾನೀಯ! ನಿಮ್ಮ ತಲೆ ತಣ್ಣಗಿರ್ಲಿ."

ಬಾಯಿ ಹೀಗೆಂದಿತು. ಆದರೆ ಮ್ಯಾನೇಜರು ಹೋದ ಮೇಲೆ ಅವನು ಗೋಡೆಗೆ ತೂಗುಹಾಕಿದ್ದ ಮಸೆಗಲ್ಲುಗಳನ್ನು ಒಂದೊಂದಾಗಿ ಇಳಿಸಿ, ಒರೆಸಿ, ಮತ್ತೆ ಅದೇ ಮೊಳೆಗೆ ತೂಗುಹಾಕಿದ. ಐವತ್ತೆಂಟು ವಯಸ್ಸು. ಬೇರೆ ಕೆಲಸ ಬರದು. ಅದನ್ನು ನೆನೆದರೆ ನನಗೆ ಈಗಲೂ ಅಳು ಬರುತ್ತದೆ. ಮುಂದಿನದನ್ನು ನೆನೆದರೆ ನಗು ಬರುತ್ತದೆ. ಎರಡೂ ಒಟ್ಟಿಗೆ ಬರುವುದು ಈ ಏಳು ವಾರಗಳಲ್ಲಿ ನನಗೆ ರೂಢಿಯಾಗಿದೆ.

ಶನಿವಾರ ಹನ್ನೊಂದು ಗಂಟೆಗೆ ನಾನು ಹೋದಾಗ ಎಂಟು ಜೊತೆ ಸ್ಕೇಟು ಸಾಲಾಗಿದ್ದವು. ಚಕ್ರ ತಿರುಗುತ್ತಿತ್ತು, ಅವನು ಸುಮ್ಮನೆ ಕೂತಿದ್ದ.

"ಐಸ್ ಎಷ್ಟಿದೆ ಅಂತ ಗೊತ್ತಿಲ್ದೆ ಹೇಗೆ ಹಿಡೀಲಿ ಮೇಷ್ಟ್ರೇ? ಕಣ್ಣು ಕಟ್ಟಿ ಕ್ಷೌರ ಮಾಡು ಅಂದ ಹಾಗಾಯ್ತು. ನೀವೊಂದು ಸಲ ಕೇಳ್ಕೊಂಡು ಬನ್ನಿ."

"ನಿನ್ನ ಹೆಂಡತಿ ಕಣಯ್ಯಾ. ನೀನೇ ಕೇಳು."

"ನೀವು ಓದಿದೋರು. ನಿಮ್ಮ ಮಾತಿಗೆ ಬೆಲೆ ಇದೆ."

ಯಂತ್ರದ ಕೋಣೆಗೆ ಹೋದೆ. ಅತ್ತಿಗೆ ಗಾಡಿಯ ತೊಟ್ಟಿಗೆ ಬಿಸಿನೀರು ತುಂಬಿಸುತ್ತಿದ್ದಳು. ಆವಿಯ ನಡುವೆ ನಿಂತು ಕೇಳಿದೆ: "ಅತ್ತಿಗೇ, ಇವತ್ತು ಎಷ್ಟು?"

"ಯಾರು ಕಳಿಸಿದ್ದು?"

"ನಾನೇ ಬಂದೆ."

"ನೀವು ಸುಳ್ಳು ಹೇಳೋವಾಗ ಕನ್ನಡಕ ಸರಿ ಮಾಡ್ಕೋತೀರಿ ಮೇಷ್ಟ್ರೇ. ಹೋಗಿ ಹೇಳಿ, ನೀರು ತಾನಾಗೇ ಗಟ್ಟಿಯಾಗುತ್ತಂತೆ. ನೀರನ್ನೇ ಕೇಳ್ಕೊಳ್ಳಲಿ."

ಹೋಗಿ ಹೇಳಿದೆ. ಅವನು ಇನ್ನೊಮ್ಮೆ ಕಳಿಸಿದ. ನಾನು ಇನ್ನೊಮ್ಮೆ ಹೋದೆ. ಈ ಸಲ ಅವಳು ಗಾಡಿ ಹತ್ತಿ ಕೂತಾಗಿತ್ತು. "ಅದೇ ಉತ್ತರ" ಎಂದು ಬಾಗಿಲು ತೆರೆಸಿ ಐಸ್ ಮೇಲೆ ಗಾಡಿ ಇಳಿಸಿಬಿಟ್ಟಳು.

ನಾನು ಬರಿಗೈಯಲ್ಲಿ ಬಂದದ್ದನ್ನು ಕಂಡು ಸಾಣೆಯಣ್ಣ ಎದ್ದ. ಸೊಂಟಕ್ಕೆ ಕಟ್ಟಿದ್ದ ಏಪ್ರನ್ ಬಿಚ್ಚಲೂ ಇಲ್ಲ. ತಲೆ ಬಗ್ಗಿಸಿ ಹೊರಬಂದು, ಅಂಗಳದ ಸುತ್ತಲಿನ ಅಡ್ಡಗೋಡೆಯ ಬಾಗಿಲು ತೆರೆದು, ಮೂವತ್ತು ವರ್ಷದಲ್ಲಿ ಮೊದಲ ಸಲ ಐಸ್ ಮೇಲೆ ಕಾಲಿಟ್ಟ. ಅದೂ ಬೂಟುಗಾಲಲ್ಲಿ, ಈಗತಾನೇ ನೀರು ಹರಡಿದ ಜಾಗದಲ್ಲಿ.

ಎರಡನೇ ಹೆಜ್ಜೆಗೆ ಕುಂಡೆಯೂರಿ ಕೂತ.

ಗ್ಯಾಲರಿಯಲ್ಲಿ ನೃತ್ಯದ ಹುಡುಗಿಯರ ತಾಯಂದಿರು ಇಪ್ಪತ್ತು ಮಂದಿ ಇದ್ದರು. ಪಂದ್ಯಕ್ಕೆ ಬೇಗ ಬಂದಿದ್ದ ಆಟಗಾರರಿದ್ದರು. ಅತ್ತಿಗೆ ನೋಡಿದಳು, ಗಾಡಿ ನಿಲ್ಲಿಸಲಿಲ್ಲ. ಸಾಣೆಯಣ್ಣ ಎದ್ದು ಗಾಡಿಯ ಹಿಂದೆ ಬಾತುಕೋಳಿಯ ನಡಿಗೆಯಲ್ಲಿ ಹೊರಟ.

"ಕೇಳಿಸ್ಕೋ!" ಎಂದು ಕೂಗಿ ಬಿದ್ದ. ಎದ್ದ. "ನಾನು ಹೇಳಿದ್ದು ತಪ್ಪು!" ಎಂದು ಮತ್ತೆ ಬಿದ್ದ.

ಅರ್ಧ ಸುತ್ತು ಹೀಗೇ ಹೋಯಿತು. ಆಮೇಲೆ ಗಾಡಿ ನಿಂತಿತು. ಗಂಡನ ಮೇಲಿನ ಕರುಣೆಗಲ್ಲ.

"ರೀ! ಹೊಸ ಐಸ್ ಮೇಲೆ ಬೂಟಾ? ನೋಡಿ ಹಿಂದೆ, ಆನೆ ನಡೆದ ಹಾಗಿದೆ!"

"ನೀರು ತಾನಾಗೇ ಗಟ್ಟಿಯಾಗಲ್ಲ" ಎಂದ ಅವನು, ಗಾಡಿಯ ಚಕ್ರ ಹಿಡಿದು ನಿಂತು. "ನೀನು ಗಟ್ಟಿ ಮಾಡ್ತೀಯ. ನೀನು ಹೇಳ್ದೆ ಇದ್ರೆ ನನ್ನ ಸಾಣೆ ಮೂರು ಕಾಸಿಗೂ ಬಾಳಲ್ಲ. ಒಂಬತ್ತು ದಿನ ನೋಡ್ದೆ."

"ಆ ಮಾತು ಯಾರ ಮುಂದೆ ಅಂದ್ರಿ?"

"ನಿಮ್ಮಕ್ಕನ ಮುಂದೆ."

"ಹಾಗಾದ್ರೆ ಇದನ್ನೂ ಅವಳ ಮುಂದೆ ಹೇಳಿ." ಜೇಬಿನಿಂದ ಫೋನ್ ತೆಗೆದು, ಒತ್ತಿ, ಅವನ ಕೈಗೆ ಕೊಟ್ಟಳು.

ಅಕ್ಕನಿಗೆ ಕಿವಿ ಮಂದ ಎಂಬುದು ನಮಗಾರಿಗೂ ತಿಳಿದಿರಲಿಲ್ಲ. ಐದು ನಿಮಿಷದಲ್ಲಿ ಇಡೀ ಅಂಗಳಕ್ಕೆ ತಿಳಿಯಿತು.

"ಅಕ್ಕಾ, ನಾನು! ನಾನು! ಅಲ್ಲ, ಯಾರೂ ಸತ್ತಿಲ್ಲ! ನಾನು ತಪ್ಪು ಮಾಡ್ದೆ! ಅಲ್ಲ, ಬೇರೆ ಹೆಂಗಸೇನಿಲ್ಲ! ನೀರು! ನೀರು ತಾನಾಗೇ ಗಟ್ಟಿಯಾಗಲ್ಲ! ನಿಮ್ಮ ತಂಗಿ ದೊಡ್ಡ ಕೆಲಸ ಮಾಡ್ತಾಳೆ! ಹೌದು! ಹೌದು! ಈಗ ಐಸ್ ಮೇಲೇ ಇದೀನಿ! ಇಲ್ಲ, ಕುಡಿದಿಲ್ಲ!"

ಗ್ಯಾಲರಿಯ ತಾಯಂದಿರು ಚಪ್ಪಾಳೆ ತಟ್ಟಿದರು. ಅತ್ತಿಗೆ ಫೋನ್ ಕಿತ್ತುಕೊಂಡಳು. ಅವಳ ಮುಖ ನನಗೆ ಕಾಣಿಸುತ್ತಿತ್ತು. ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದಳು.

"ಎಂಟು" ಎಂದಳು.

"ಎಂಟಾ!" ಅವನು ತಲೆ ಚಚ್ಚಿಕೊಂಡ. "ನಾನು ಐದೂವರೆ ಅಂದ್ಕೊಂಡಿದ್ದೆ!"

"ದೊಡ್ಡ ಪಂದ್ಯ ಅಂದ್ರು, ಗಟ್ಟಿ ಇಟ್ಟೆ. ಹೋಗಿ, ಕೆಲಸ ನೋಡಿ. ಗೋಡೆ ಹಿಡ್ಕೊಂಡು ಹೋಗಿ."

ಮುಂದಿನ ಎರಡೂವರೆ ಗಂಟೆ ಮೆಟ್ಟಿಲ ಕೆಳಗಿನಿಂದ ಕಿಡಿಯ ಬೆಳಕು ಆರಲಿಲ್ಲ.

ಮೂರಕ್ಕೆ ಪಂದ್ಯ. ಸಾಣೆಯಣ್ಣನ ಕಡೆಯ ಗೋಲಿ ನಾನೇ, ಇದು ಅವನ ದುರದೃಷ್ಟ. ಪೆಟ್ಟಿಗೆಯ ಕಡೆಯವರಿಗೆಲ್ಲ ಮ್ಯಾನೇಜರು ಒಂದೇ ಆಳ ಒತ್ತಿದ್ದರು. ಯಂತ್ರದಲ್ಲಿ ಮೊದಲೇ ಬರೆದಿದ್ದ ಆಳ. ಕಡ್ಡಿಯಂತಿರುವ ಹಲ್ಲಿನ ಡಾಕ್ಟರಿಗೆ ಅದು ಸಾಲದೆ, ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆಯನ್ನು ದಾಟಿ, ನನ್ನನ್ನು ದಾಟಿ, ಬಲೆಯನ್ನೂ ದಾಟಿ ಹೋಗುತ್ತಿದ್ದರು. ನೂರಹತ್ತು ಕಿಲೋದ ಬೇಕರಿಯವನಿಗೆ ಅದೇ ಆಳ ಹೆಚ್ಚಾಗಿ, ತಿರುಗಲು ಹೋದಲ್ಲೆಲ್ಲ ಗೂಟ ಹೊಡೆದಂತೆ ನಿಂತುಬಿಡುತ್ತಿದ್ದ. ನಮ್ಮವರು ಹಕ್ಕಿಗಳ ಹಾಗೆ ಹೋಗಿ ನಾಲ್ಕು ಗೋಲು ಹೊಡೆದರು. ನಾನು ನಾಲ್ಕನ್ನೂ ವಾಪಸು ಬಿಟ್ಟುಕೊಟ್ಟೆ. ಒಂದು ನನ್ನ ಬೆನ್ನಿಗೆ ತಾಗಿ ಒಳಗೆ ಹೋಯಿತು. ಆ ದಿನದ ಬಗ್ಗೆ ಸಾಣೆಯಣ್ಣ ಆಮೇಲೆ ನನಗೆ ಹೇಳಿದ್ದಿಷ್ಟೇ: "ಸ್ಕೇಟಿಗೆ ಸಾಣೆ ಹಿಡಿಯೋಕೆ ನನ್ನ ಹತ್ರ ಚಕ್ರ ಇದೆ. ಗೋಲಿಗೆ ಹಿಡಿಯೋಕೆ ಇಲ್ಲ."

ಅರ್ಧ ಸಮಯಕ್ಕೆ ನಾಲ್ಕು–ನಾಲ್ಕು. ಮ್ಯಾನೇಜರು ಕೈ ಉಜ್ಜಿಕೊಂಡರು. "ಸಮ. ಅಂದ್ರೆ ಯಂತ್ರ ಮನುಷ್ಯನಷ್ಟೇ ಚೆನ್ನಾಗಿದೆ ಅಂತಾಯ್ತು. ಹಾಗಿದ್ಮೇಲೆ ಮನುಷ್ಯ ಯಾಕೆ?"

ನಾನು ತಲೆ ತಗ್ಗಿಸಿದೆ. ಲೆಕ್ಕ ಸರಿಯಾಗಿತ್ತು, ತಪ್ಪು ನನ್ನದಾಗಿತ್ತು.

ಹತ್ತು ನಿಮಿಷದ ಬಿಡುವು ಮುಗಿಯಿತು. ಶಿಳ್ಳೆ ಊದಿದರು. ನಮ್ಮವರು ಇಳಿದರು. ಎದುರು ಕಡೆ ಯಾರೂ ಇಲ್ಲ. ಮತ್ತೆ ಊದಿದರು. ಮ್ಯಾನೇಜರು ಹುಡುಕಿಕೊಂಡು ಹೊರಟರು, ನಾನೂ ಹಿಂದೆಯೇ ಹೋದೆ. ಮೆಟ್ಟಿಲ ಕೆಳಗೆ ಸಾಲು ನಿಂತಿತ್ತು: ಬರಿ ಕಾಲುಚೀಲದಲ್ಲಿ, ಸ್ಕೇಟುಗಳನ್ನು ಮಕ್ಕಳ ಹಾಗೆ ಎತ್ತಿಕೊಂಡು, ಪೆಟ್ಟಿಗೆಯ ಕಡೆಯ ಎಂಟೂ ಜನ. ಮುಂದೆ ಹಲ್ಲಿನ ಡಾಕ್ಟರು.

"ಡಾಕ್ಟರೇ, ಪಂದ್ಯ!" ಎಂದರು ಮ್ಯಾನೇಜರು.

"ಪಂದ್ಯ ಕಾಯುತ್ತೆ. ಹಲ್ಲು ಕಾಯಲ್ಲ" ಎಂದರು ಡಾಕ್ಟರು.

"ನಿಮ್ಮದು ಯಂತ್ರದ ಕಡೆ!"

"ಯಂತ್ರ ನನ್ನ ತೂಕ ಕೇಳಲೇ ಇಲ್ಲ ಸ್ವಾಮಿ."

"ಇವರು ಕೇಳಿದಾಗ ನೀವು ನಿಜ ಹೇಳಿದ್ರಾ?" ಎಂದ ಹಿಂದಿನಿಂದ ಬೇಕರಿಯವನು.

ಸಾಣೆಯಣ್ಣ ತಲೆ ಎತ್ತಲಿಲ್ಲ. ಡಾಕ್ಟರ ಅಲಗನ್ನು ಉಗುರ ಮೇಲೆ ಎಳೆದು, ಮುಖ ಸಿಂಡರಿಸಿ, ಚಕ್ರಕ್ಕೆ ಹಿಡಿದ. ಎಂಟೂ ಜೊತೆ ಮುಗಿಯುವ ಹೊತ್ತಿಗೆ ನೃತ್ಯದ ತರಗತಿಯ ಸಮಯವಾಗಿತ್ತು. ಉಳಿದರ್ಧ ಪಂದ್ಯ ನಡೆಯಲೇ ಇಲ್ಲ. ಪಂದ್ಯವಿಲ್ಲದೆ ತೀರ್ಪು ಹೇಗೆ ಎಂದು ಮ್ಯಾನೇಜರು ಸ್ವಲ್ಪ ಹೊತ್ತು ಗೊಣಗಿದರು. ಕೊನೆಗೆ ಸಾಲನ್ನು ಇನ್ನೊಮ್ಮೆ ನೋಡಿ, ತಂಪು ಪಾನೀಯದ ಯಂತ್ರವನ್ನು ಎಲ್ಲಿಡುವುದೆಂದು ಅಳೆಯಲು ಬೇರೆ ಮೂಲೆಗೆ ಹೋದರು. ಆಮೇಲೆ ಹನ್ನೊಂದು ವರ್ಷ, ಈ ವಸಂತದ ತನಕ, ಆ ಕೋಣೆಯ ತಂಟೆಗೆ ಯಾರೂ ಹೋಗಲಿಲ್ಲ.

ಅಂದು ಸಂಜೆ ಮೂವರೂ ಒಟ್ಟಿಗೆ ಮನೆಗೆ ನಡೆದೆವು. ಅವನು ಬಿದ್ದ ಜಾಗ ಹಿಡಿದುಕೊಂಡು ಕುಂಟುತ್ತಿದ್ದ.

"ಎಂಟು ಇರಲಿಲ್ಲ ಅನ್ಸುತ್ತೆ ಕಣೇ" ಎಂದ ಸ್ವಲ್ಪ ದೂರ ಹೋದ ಮೇಲೆ. "ಉಗುರಿಗೆ ಏಳೂವರೆ ಅನ್ನಿಸ್ತು."

"ಎಂಟು."

"ಏಳೂ ಮುಕ್ಕಾಲು ಅನ್ನು."

"ಫೋನ್ ತೆಗೀಲಾ? ಅಕ್ಕನ್ನೇ ಕೇಳೋಣ."

"ಅವಳಿಗೇನು ಗೊತ್ತು ಐಸ್ ವಿಷಯ?"

"ನಿಮಗೇನು ಗೊತ್ತು?"

ನನ್ನ ಮನೆಯ ತಿರುವು ಬಂತು. ಬರ್ತೀನಿ ಎಂದೆ. ಇಬ್ಬರಿಗೂ ಕೇಳಿಸಲಿಲ್ಲ.